ಅಕ್ಕ ಮೊದಲು

ತನ್ಮಯಿಯ ಮುಂದಿನ ಹಲ್ಲು ಅಲ್ಲಾಡತೊಡಗಿ ಏಳು ವರ್ಷವಾಗಿತ್ತು. ಕೆಳಸಾಲಿನ ಹಾಲುಹಲ್ಲು. ನಾಲಿಗೆಯ ತುದಿಯಿಂದ ಒತ್ತಿದರೆ ಮುಂದಕ್ಕೆ ಬಾಗುತ್ತಿತ್ತು, ಬಿಟ್ಟರೆ ತನ್ನ ಜಾಗಕ್ಕೆ ಬಂದು ನಿಲ್ಲುತ್ತಿತ್ತು. ಬೀಳುತ್ತಿರಲಿಲ್ಲ. ಅದನ್ನು ಕೆಳಗಿನಿಂದ ತಳ್ಳಬೇಕಾದ ಹೊಸ ಹಲ್ಲು ವಸಡಿನೊಳಗೇ ನಿಂತುಬಿಟ್ಟಿತ್ತು.

ಉಗುರೂ ಹಾಗೆಯೇ. ಕೂದಲೂ ಹಾಗೆಯೇ. ಆರು ವರ್ಷದವಳಿದ್ದಾಗ ಕಿವಿಯ ಮಟ್ಟಕ್ಕೆ ಕತ್ತರಿಸಿದ್ದ ಕೂದಲು ಇವತ್ತಿಗೂ ಕಿವಿಯ ಮಟ್ಟಕ್ಕೇ ಇತ್ತು. ಉದುರಿದ್ದು ಮಾತ್ರ ಮತ್ತೆ ಬಂದಿರಲಿಲ್ಲ, ಬೈತಲೆಯ ಆಚೀಚೆ ನೆತ್ತಿ ಕಾಣುತ್ತಿತ್ತು. ಮೈಸೂರಿನ ಇಟ್ಟಿಗೆಗೂಡಿನ ಆ ಮನೆಯಲ್ಲಿ ಹಳೆಯ ಫ್ರಾಕುಗಳು ಸವೆದು ಹರಿಯುತ್ತಿದ್ದವೇ ಹೊರತು ಚಿಕ್ಕದಾಗುತ್ತಿರಲಿಲ್ಲ.

ದಿನಾ ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ಕಾತ್ಯಾಯಿನಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದು ಚಮಚ ಔಷಧಿ ಕುಡಿಸುತ್ತಿದ್ದಳು. ಕಹಿ ಎಂದರೆ ಅಂಥಿಂಥ ಕಹಿಯಲ್ಲ. ಜೇನುತುಪ್ಪ ಬೆರೆಸಿದರೂ ತನ್ಮಯಿ ಮುಖ ಕಿವುಚುತ್ತಿದ್ದಳು.

"ಆಯ್ತಾ?"

"ಆಯ್ತು. ಇನ್ನೊಂದ್ ಸ್ವಲ್ಪ ಹೊತ್ತು ಕೂತ್ಕೊ."

"ಅಮ್ಮ, ನಂಗೆ ಹದಿಮೂರು."

"ಇರ್ಲಿ. ಕೂತ್ಕೊ."

ಇದು ಕಾತ್ಯಾಯಿನಿ ಯಾರಿಗೂ ಹೇಳದ ವಿಷಯ. ಮಗು ತೊಡೆಯ ಮೇಲೆ ಕೂರುವುದು ಒಂದು ದಿನ ನಿಂತುಹೋಗುತ್ತದೆ. ಅದು ಕೊನೆಯ ದಿನವೆಂದು ಯಾವ ತಾಯಿಗೂ ಆ ಹೊತ್ತಿನಲ್ಲಿ ತಿಳಿಯುವುದಿಲ್ಲ. ತನಗೆ ಮಾತ್ರ ಆ ತೂಕ ದಿನವೂ ಸಿಗುತ್ತಿದೆ. ಅದು ಸಿಕ್ಕಾಗ ಆಗುವ ಸುಖಕ್ಕೆ ಅವಳಿಗೆ ನಾಚಿಕೆಯಾಗುತ್ತಿತ್ತು. ಆದರೂ ಕೂರಿಸಿಕೊಳ್ಳುತ್ತಿದ್ದಳು.

ತನ್ಮಯಿಗಿಂತ ಎರಡು ವರ್ಷ ಚಿಕ್ಕವಳು ಹಂಸಿನಿ. ಅವಳಿಗೀಗ ಅಕ್ಕ ಎದೆಯ ಮಟ್ಟಕ್ಕೆ ಬರುತ್ತಿದ್ದಳು. ರಸ್ತೆ ದಾಟುವಾಗ, ಮೆಟ್ಟಿಲು ಇಳಿಯುವಾಗ ಅಕ್ಕನನ್ನು ಎತ್ತಿಕೊಂಡುಬಿಡುತ್ತಿದ್ದಳು. ಸೊಪ್ಪು ಮಾರುವ ಹೊಸ ಹೆಂಗಸು ಒಮ್ಮೆ ಗೇಟಿನ ಹತ್ತಿರ ನಿಂತು, "ಇದ್ಯಾರವ್ವ, ನಿನ್ ತಂಗೀನಾ? ಮುದ್ದಾಗವ್ಳೆ," ಎಂದಳು.

"ನಮ್ಮಕ್ಕ," ಎಂದಳು ಹಂಸಿನಿ.

"ಅಯ್ಯೋ, ತಮಾಷೆ ನೋಡು ಹುಡುಗೀದು!"

"ತಮಾಷೆ ಅಲ್ಲ," ಎಂದು ಕಂಕುಳಲ್ಲಿದ್ದ ತನ್ಮಯಿಯೇ ಗಂಭೀರವಾಗಿ ಹೇಳಿದಳು. "ನಾನು ಎಂಟನೇ ಕ್ಲಾಸಿನ ಲೆಕ್ಕ ಮಾಡ್ತೀನಿ. ನಿಮ್ ಸೊಪ್ಪಿನ ಲೆಕ್ಕ ಬೇಕಾದ್ರೆ ಹೇಳಿ, ಮಾಡಿಕೊಡ್ತೀನಿ." ಆ ಹೆಂಗಸು ಮತ್ತೆ ಆ ಬೀದಿಗೆ ಬಂದಾಗ ಗೇಟಿನ ಹತ್ತಿರ ನಿಲ್ಲದೆ ಬೇಗ ಬೇಗ ಮುಂದೆ ಹೋದಳು.

ಕಾತ್ಯಾಯಿನಿ ಕೆಲಸ ಮಾಡುತ್ತಿದ್ದದ್ದು ಚಾಮುಂಡಿ ಬೆಟ್ಟದ ಹಿಂಬದಿಯ ಒಂದು ಸಂಶೋಧನಾ ಕೇಂದ್ರದಲ್ಲಿ. ಒಂದು ಜೀವಕೋಶ ಎರಡಾಗುವುದು ಹೇಗೆ ಎಂಬುದೊಂದೇ ಅಲ್ಲಿಯ ಪ್ರಶ್ನೆ. ಓಡುತ್ತಿರುವ ಗಡಿಯಾರ ಅರ್ಥವಾಗಬೇಕಾದರೆ ಒಳಗಿನ ಒಂದೊಂದು ಚಕ್ರಕ್ಕೂ ಒಂದು ಕಡ್ಡಿ ಸಿಕ್ಕಿಸಿ, ಯಾವುದನ್ನು ತಡೆದರೆ ಯಾವುದು ನಿಲ್ಲುತ್ತದೆ ಎಂದು ನೋಡಬೇಕು. ಆ ಕಡ್ಡಿಗಳೇ ಸಣ್ಣ ಅಣುಗಳು. ಕೋಶದ ಪೊರೆಯನ್ನು ನುಸುಳಿ ಒಳಗೆ ಹೋಗುವಷ್ಟು ಸಣ್ಣವು.

"ಜೀನನ್ನೇ ಬದಲಾಯಿಸಿದರೆ ವಾಪಸ್ ಬರೋದಕ್ಕೆ ದಾರಿ ಇಲ್ಲ," ಎಂದು ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಹೇಮಲತಾ ಶೆಣೈ ಹೊಸಬರಿಗೆ ಹೇಳುತ್ತಿದ್ದರು. "ಸಣ್ಣ ಅಣು ಹಾಗಲ್ಲ. ಹಾಕಿದ್ರೆ ನಿಲ್ಲುತ್ತೆ, ತೊಳೆದ್ರೆ ಹೊರಡುತ್ತೆ. ಅದರ ಮರ್ಯಾದೆ ಇರೋದೇ ಅಲ್ಲಿ."

ನೂರಾರು ಅಣುಗಳನ್ನು ಪರೀಕ್ಷಿಸುತ್ತಾ ಹೋದಾಗ ಒಂದು ಸಿಕ್ಕಿತು. ಅದನ್ನು ಹಾಕಿದರೆ ಕೋಶ ತನ್ನಲ್ಲಿರುವುದನ್ನೆಲ್ಲ ಎರಡು ಪಾಲು ಮಾಡಿಟ್ಟುಕೊಂಡು, ಇನ್ನೇನು ಒಡೆಯಬೇಕು ಎನ್ನುವ ಹೊಸಿಲಲ್ಲಿ ಬಂದು ನಿಲ್ಲುತ್ತಿತ್ತು. ಸಾಯುತ್ತಿರಲಿಲ್ಲ, ಹಿಂದಕ್ಕೂ ಹೋಗುತ್ತಿರಲಿಲ್ಲ. ಎಷ್ಟು ದಿನ ಬಿಟ್ಟರೂ ನಿಂತೇ ಇರುತ್ತಿತ್ತು. ಅಣುವನ್ನು ತೊಳೆದುಬಿಟ್ಟರೆ ಮಾತ್ರ, ಬಾಗಿಲು ತೆಗೆಯುವುದನ್ನೇ ಕಾಯುತ್ತಿದ್ದವರ ಹಾಗೆ ಎಲ್ಲ ಕೋಶಗಳೂ ಒಟ್ಟಿಗೆ ಹೊಸಿಲು ದಾಟುತ್ತಿದ್ದವು. ಕಾತ್ಯಾಯಿನಿ ಅದಕ್ಕೆ 'ತಾಳು' ಎಂದು ಹೆಸರಿಟ್ಟಳು. ಆಗ ಅದೊಂದು ಹಗುರವಾದ ಮಾತು. ತೊಟ್ಟಿಲಲ್ಲಿ ಹಂಸಿನಿ ಅಳುತ್ತಿದ್ದ ಕಾಲ. ಮನೆಯಲ್ಲಿ ಅವಳು ದಿನಕ್ಕೆ ಎಷ್ಟೋ ಸಲ ಹೇಳುತ್ತಿದ್ದ ಮಾತೇ ಅದು.

ಮುಂದೆ ಕೆಲವು ವರ್ಷಗಳಾದ ಮೇಲೆ ಒಂದು ಮಧ್ಯಾಹ್ನ ಆರು ವರ್ಷದ ತನ್ಮಯಿ ಚಾಪೆಯ ಮೇಲೆ ಅಂಗಾತ ಮಲಗಿಕೊಂಡು, "ಅಮ್ಮ, ಎರಡು ಫ್ಯಾನ್ ಯಾಕೆ ತಿರುಗ್ತಿದೆ?" ಎಂದು ಕೇಳಿದಳು. ಮನೆಯಲ್ಲಿದ್ದದ್ದು ಒಂದೇ ಫ್ಯಾನು.

ಆಸ್ಪತ್ರೆಯಲ್ಲಿ ಡಾಕ್ಟರು ಒಂದು ಪೆನ್ನು ಹಿಡಿದು ಎಷ್ಟು ಎಂದು ಕೇಳಿದರು. ಎರಡು ಎಂದಳು. ಅವರು ಅಂಗೈಯಿಂದ ಅವಳ ಒಂದು ಕಣ್ಣನ್ನು ಮುಚ್ಚಿ, "ಈಗ?" ಎಂದರು. ಒಂದು ಎಂದಳು. ಕೈ ತೆಗೆದರೆ ಮತ್ತೆ ಎರಡು. ಆಟವೆಂದು ತಿಳಿದು ತನ್ಮಯಿ ನಕ್ಕಳು. ಡಾಕ್ಟರು ನಗಲಿಲ್ಲ. ಮಿದುಳಿನ ಬುಡದಲ್ಲಿ, ಕತ್ತಿ ಹೋಗಲಾಗದ ಜಾಗದಲ್ಲಿ ಗಂಟು ಇತ್ತು. ವರ್ಷ ತುಂಬುವುದು ಕಷ್ಟವೆಂದರು.

ಬೇರೆ ದಾರಿಯೇ ಇಲ್ಲದ ಕೆಲವು ಮಕ್ಕಳಿಗೆ ತಾಳುವನ್ನು ಕೊಟ್ಟು ನೋಡಲು ಶೆಣೈಯವರು ಓಡಾಡಿ ಅನುಮತಿ ತಂದರು. ಮೈಯ ಎಲ್ಲ ಕೋಶಗಳೂ ನಿಂತರೆ ಮಗು ಬದುಕುವುದಿಲ್ಲ. ಆದರೆ ಕರುಳಿನ ಒಳಪದರ ಮತ್ತು ಮೂಳೆಯ ಮಜ್ಜೆಯ ಮೂಲಕೋಶಗಳಿಗೆ ಬೇಡದ ವಸ್ತುವನ್ನು ಹೊರಕ್ಕೆ ತಳ್ಳುವ ಶಕ್ತಿ ಇದೆ. ಅವು ತಾಳುವನ್ನು ತಳ್ಳಿಹಾಕಿ ತಮ್ಮ ಪಾಡಿಗೆ ಒಡೆಯುತ್ತಿದ್ದವು. ಆದ್ದರಿಂದ ಹಸಿವಿತ್ತು, ರಕ್ತವಿತ್ತು. ಚರ್ಮ, ಮೂಳೆ, ಕೂದಲು, ಹಲ್ಲು ನಿಂತವು. ಗಂಟೂ ನಿಂತಿತು. ಗಂಟಿನ ಊತ ಇಳಿದು ಮತ್ತೆ ಒಂದೇ ಫ್ಯಾನು ಕಂಡಿತು.

ಒಂದೇ ನಿಯಮ. ಗಾಯವಾಗಬಾರದು. ಗಾಯ ಕೂಡಬೇಕಾದರೆ ಅಂಚಿನ ಕೋಶಗಳು ಒಡೆದು ಒಡೆದು ನಡುವಿನ ಜಾಗವನ್ನು ತುಂಬಬೇಕು. ತಾಳು ಕುಡಿಯುತ್ತಿದ್ದ ಹುಬ್ಬಳ್ಳಿ ಕಡೆಯ ಒಬ್ಬ ಹುಡುಗ ಸೈಕಲ್ಲಿನಿಂದ ಬಿದ್ದು ಮೊಣಕಾಲು ಕೆತ್ತಿಸಿಕೊಂಡಿದ್ದ. ಅಷ್ಟೇ. ಆ ಮೊಣಕಾಲು ಕೊನೆಯವರೆಗೂ ಮೊದಲ ದಿನದಂತೆಯೇ ಇತ್ತು. ಕಾತ್ಯಾಯಿನಿ ಮನೆಯ ಮೇಜಿನ ಮೂಲೆಗಳಿಗೆಲ್ಲ ಸ್ಪಂಜು ಸುತ್ತಿದಳು. ಈಳಿಗೆಮಣೆಯನ್ನು ಅಟ್ಟಕ್ಕೆ ಹಾಕಿದಳು. ಮಗಳನ್ನು ಶಾಲೆ ಬಿಡಿಸಿದಳು.

ಗಂಡ ಶ್ರೀಕಂಠ ಅಶೋಕ ರಸ್ತೆಯಲ್ಲಿ ಚಿನ್ನದ ಕೆಲಸದ ಸಣ್ಣ ಅಂಗಡಿ ಇಟ್ಟಿದ್ದ. ಅವನ ತಂದೆ ನಂಜುಂಡಾಚಾರರು ಕಣ್ಣು ಮಂದವಾದ ಮೇಲೆ ಅಂಗಡಿಗೆ ಹೋಗುವುದನ್ನು ಬಿಟ್ಟು, ಮನೆಯ ಹಿಂದಿನ ಕೋಣೆಯಲ್ಲಿ ಊದುಗೊಳವೆ, ತಂತಿ ಎಳೆಯುವ ಅಚ್ಚು ಇಟ್ಟುಕೊಂಡು ಸಣ್ಣಪುಟ್ಟ ಕೆಲಸ ಮಾಡುತ್ತಿದ್ದರು. ಬೇರೆ ಕೆಲಸ ಕೈಬಿಟ್ಟರೂ ಕಿವಿ ಮೂಗು ಚುಚ್ಚುವುದನ್ನು ಬಿಟ್ಟಿರಲಿಲ್ಲ. ಅದಕ್ಕೆ ಕಣ್ಣು ಬೇಡ, ಬೆರಳು ಸಾಕು ಎನ್ನುತ್ತಿದ್ದರು.

"ಹಂಸೀಗೆ ಹನ್ನೊಂದು ತುಂಬ್ತು," ಎಂದರು ಒಂದು ದಿನ ಊಟದ ಹೊತ್ತಿನಲ್ಲಿ. "ಬೆಸ ವರ್ಷ. ಮೂಗು ಚುಚ್ಚಿಬಿಡೋಣ."

"ಚುಚ್ಚಿ ಮಾವ," ಎಂದಳು ಕಾತ್ಯಾಯಿನಿ. "ಹಂಸಿಗೆ ಮಾತ್ರ."

"ದೊಡ್ಡೋಳ್ನ ಪಕ್ಕದಲ್ಲಿ ಕೂರಿಸ್ಕೊಂಡು ಚಿಕ್ಕೋಳಿಗೆ ಹೆಂಗಮ್ಮ ಚುಚ್ಚಲಿ? ನಮ್ಮ ಮನೇಲಿ ಹಂಗ್ ಮಾಡಿಲ್ಲ. ಕಿವಿ ಆಗ್ಲಿ, ಮೂಗಾಗ್ಲಿ, ಮದುವೆ ಆಗ್ಲಿ, ದೊಡ್ಡೋರು ದಾಟಿದ ಮೇಲೇ ಚಿಕ್ಕೋರು."

"ಹದಿಮೂರೂ ಬೆಸಾನೇ ತಾತ," ಎಂದಳು ತನ್ಮಯಿ, ತಟ್ಟೆಯಿಂದ ತಲೆ ಎತ್ತದೆ.

"ಅಕ್ಕಂಗಾಗ್ದೆ ನಂಗೆ ಬೇಡ," ಎಂದಳು ಹಂಸಿನಿ.

"ಯಾರಿಗೂ ಬೇಡ ಹಾಗಾದ್ರೆ," ಎಂದ ಶ್ರೀಕಂಠ. "ಅಪ್ಪ, ಅವಳಿಗೆ ಗಾಯ ಆಗ್ಬಾರ್ದು ಅಂತ ನಿಮಗೆ ಗೊತ್ತಿಲ್ವಾ?"

"ಗಾಯ ಯಾಕಯ್ಯಾ ಆಗತ್ತೆ? ಕಬ್ಬಿಣದಲ್ಲಿ ಚುಚ್ಚಿದ್ರೆ ಗಾಯ. ನಾನು ಚುಚ್ಚೋದು ಚಿನ್ನದ ತಂತೀಲಿ. ಈ ಊರಲ್ಲಿ ನಾನು ಚುಚ್ಚಿರೋ ಮೂಗು ಒಂದಾದ್ರೂ ಕೀವಾಗಿದ್ರೆ ತೋರ್ಸು. ಚಿನ್ನಕ್ಕೆ ಆ ಗುಣ ಇದೆ, ತಾನೇ ವಾಸಿ ಮಾಡ್ಕೊಳತ್ತೆ."

"ಚಿನ್ನ ವಾಸಿ ಮಾಡಲ್ಲ ಮಾವ. ವಾಸಿ ಮಾಡೋದು ಮೈ. ಅವಳ ಮೈ ನಿಂತಿದೆ."

ಮುದುಕರು ಮೊಮ್ಮಗಳನ್ನು ನೋಡಿದರು. "ಉಣ್ತಾಳೆ, ಓಡ್ತಾಳೆ, ನನ್ ಜೊತೆ ಜಗಳ ಆಡ್ತಾಳೆ. ನಿಂತಿರೋ ಮೈ ಹಿಂಗಿರತ್ತೇನಮ್ಮ?"

ಕಾತ್ಯಾಯಿನಿ ತಟ್ಟೆಗಳನ್ನು ಒಟ್ಟು ಮಾಡಿದಳು. ಬೇಡ ಎಂದರೆ ಬೇಡ ಎಂದಳು. ಮಾತು ಅಲ್ಲಿಗೆ ಮುಗಿಯಿತೆಂದು ತಿಳಿದಳು.

ಒಂದು ಸೋಮವಾರ ಅವಳು ಕೆಲಸ ಮುಗಿಸಿ ಬಂದಾಗ ನಡುಮನೆಯಲ್ಲಿ ಎರಡು ಮಣೆ ಹಾಕಿತ್ತು. ಆರತಿ ತಟ್ಟೆಯಲ್ಲಿ ಕುಂಕುಮದ ನೀರು, ಪಕ್ಕದಲ್ಲಿ ತಂಬಿಟ್ಟು. ಹಂಸಿನಿಯ ಕಣ್ಣು ಕೆಂಪಾಗಿತ್ತು. ಇಬ್ಬರ ಎಡಮೂಗಿನಲ್ಲೂ ಕೂದಲೆಳೆಯಂಥ ಚಿನ್ನದ ತಂತಿ ಸುತ್ತಿಕೊಂಡು ಹೊಳೆಯುತ್ತಿತ್ತು.

"ಅಮ್ಮ, ನಾನೇ ಮೊದಲು ಕೂತಿದ್ದು," ಎಂದು ತನ್ಮಯಿ ಓಡಿಬಂದಳು. "ಅಳಲೇ ಇಲ್ಲ. ಹಂಸಿ ಅತ್ಲು, ನೋಡು, ಇಷ್ಟುದ್ದ ಬೆಳ್ಕೊಂಡು!"

ತಂತಿಯ ಬುಡದಲ್ಲಿ ಸಾಸಿವೆಯಷ್ಟು ರಕ್ತ. ಕಾತ್ಯಾಯಿನಿ ಬ್ಯಾಗನ್ನು ಭುಜದಿಂದ ಇಳಿಸದೆ ಮಗಳ ಮುಂದೆ ಬಾಗಿ ನೋಡಿದಳು.

"ಏನ್ ಮಾಡಿಬಿಟ್ರಿ ಮಾವ?"

"ಅವಳೇ ಕೇಳಿದ್ಲಮ್ಮ," ಎಂದರು ನಂಜುಂಡಾಚಾರರು. ಅವರ ದನಿಯಲ್ಲಿ ತಪ್ಪು ಮಾಡಿದವರ ಅಳುಕಿರಲಿಲ್ಲ, ಕೊಡಬೇಕಾದ್ದನ್ನು ಕೊಟ್ಟ ನೆಮ್ಮದಿಯಿತ್ತು. "ಇಷ್ಟು ವರ್ಷಕ್ಕೆ ನನ್ನ ಏನೋ ಒಂದು ಕೇಳಿದ್ಲು. 'ತಾತ, ಒಂದ್ ಸಲನಾದ್ರೂ ನಾನು ಅಕ್ಕ ಆಗ್ತೀನಿ' ಅಂದ್ಲು. ಇಲ್ಲ ಅನ್ನೋದಕ್ಕೆ ಬಾಯಿ ಬರ್ಲಿಲ್ಲ."

ತಂತಿ ತೆಗೆದರೂ ಒಂದೇ, ಬಿಟ್ಟರೂ ಒಂದೇ. ತೂತು ತೂತೇ.

ಹಂಸಿನಿಯ ಮೂಗು ಒಂದು ವಾರ ಊದಿಕೊಂಡಿತ್ತು, ಆಮೇಲೆ ಹಕ್ಕಳೆ ಕಟ್ಟಿ ಉದುರಿತು. ತಿಂಗಳು ತುಂಬುವ ಹೊತ್ತಿಗೆ ತಂತಿ ಸಲೀಸಾಗಿ ತಿರುಗುತ್ತಿತ್ತು. ತನ್ಮಯಿಯದು ಮೊದಲ ದಿನದ ಹಾಗೆಯೇ ಹಸಿಯಾಗಿತ್ತು. ನಂಜುಂಡಾಚಾರರು ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿದರು. ಆಮೇಲೆ ಬೆಣ್ಣೆ ಕಾಯಿಸಿ ಹಚ್ಚಿದರು. ದಿನಾ ಬೆಳಿಗ್ಗೆ ಕನ್ನಡಕ ಏರಿಸಿಕೊಂಡು ಮೊಮ್ಮಗಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡುತ್ತಿದ್ದರು. ಒಂದು ದಿನ ನೋಡುವುದನ್ನು ನಿಲ್ಲಿಸಿದರು. ಹಿಂದಿನ ಕೋಣೆಯಲ್ಲಿ ಊದುಗೊಳವೆಯ ಸದ್ದೂ ನಿಂತಿತು.

ಆಮೇಲೆ ಕೀವಾಯಿತು. ಕೀವಿಗೆ ಔಷಧಿ ಕೊಟ್ಟಾಗ ಇಳಿಯಿತು, ನಿಲ್ಲಿಸಿದಾಗ ಬಂತು. ಮತ್ತೆ ಕೊಟ್ಟರು. ಮೂಗಿನ ಎಲುಬಿನ ಮೆತ್ತನೆಯ ಭಾಗಕ್ಕೆ ಹಿಡಿಯಿತು, ಜ್ವರ ಬಂತು.

"ರಕ್ತ ಕ್ರಿಮಿಗಳನ್ನ ಕೊಲ್ಲುತ್ತೆ, ಸರಿ," ಎಂದರು ಶೆಣೈ ಮೇಡಂ, ಪ್ರಯೋಗಾಲಯದ ತಮ್ಮ ಕೋಣೆಯ ಬಾಗಿಲು ಹಾಕಿ. "ಆದರೆ ಮುಚ್ಚೋದಕ್ಕೆ ಚರ್ಮ ಇಲ್ಲವಲ್ಲ. ತೆಗೆದ ಬಾಗಿಲಲ್ಲಿ ಕಾವಲು ನಿಂತ ಹಾಗೆ. ಮೂಗಿನಿಂದ ಮೇಲೆ ಮಿದುಳಿಗೆ ಹೋಗೋಕೆ ಎಷ್ಟು ದೂರ, ಹೇಳು? ತಾಳು ನಿಲ್ಲಿಸಬೇಕು ಕಾತ್ಯಾಯಿನಿ. ನಿಂಗೆ ಇದನ್ನ ನಾನು ಹೇಳಬೇಕಾಗಿ ಬಂತಲ್ಲ."

"ನಿಲ್ಲಿಸಿದ್ರೆ ಗಂಟೂ ಹೊರಡುತ್ತೆ ಮೇಡಂ."

"ಹೌದು."

ಕಾತ್ಯಾಯಿನಿ ಅಲ್ಲಿಂದ ಏಳಲಿಲ್ಲ. ಕೆಲವು ದಿನಗಳಿಂದ ಅವಳ ತಲೆಯಲ್ಲಿ ಒಂದು ಯೋಚನೆ ಸುತ್ತುತ್ತಿತ್ತು. ತಾಳು ತೊಳೆದಾಗ ಎಲ್ಲವೂ ಒಟ್ಟಿಗೆ ಹೊರಡುತ್ತವೆ. ಸಾಮಾನ್ಯವಾಗಿ ಗಂಟಿನಲ್ಲಿ ಯಾವ ಕೋಶ ಯಾವಾಗ ಒಡೆಯುತ್ತದೆ ಎಂದು ಹೇಳಲಾಗುವುದಿಲ್ಲ, ಆದ್ದರಿಂದಲೇ ಔಷಧಿಗೆ ಕೆಲವು ಸಿಗುತ್ತವೆ, ಕೆಲವು ತಪ್ಪಿಸಿಕೊಳ್ಳುತ್ತವೆ. ಇಲ್ಲಿ ಹಾಗಲ್ಲ. ಎಲ್ಲವೂ ಒಂದೇ ಹೊತ್ತಿಗೆ ಹೊಸಿಲು ದಾಟುತ್ತವೆ. ಒಡೆಯುವಾಗ ಕೋಶದೊಳಗೆ ಸಣ್ಣ ದಾರಗಳು ಹುಟ್ಟಿ ಎರಡು ಪಾಲನ್ನು ಎರಡು ಕಡೆಗೆ ಎಳೆಯುತ್ತವೆ. ಆ ದಾರಗಳನ್ನು ಕಡಿಯುವ ಇನ್ನೊಂದು ಅಣು ಕಪಾಟಿನಲ್ಲೇ ಇದೆ. ಅದನ್ನು ಸರಿಯಾಗಿ ಆ ಹೊತ್ತಿಗೆ ಕೊಟ್ಟರೆ ಗಂಟು ಪೂರ್ತಿ ಸಾಯುವುದಿಲ್ಲವೇ ಎಂದು ಮೇಡಂ ಅವರನ್ನು ಕೇಳಿದಳು.

ಶೆಣೈಯವರು ಕನ್ನಡಕ ತೆಗೆದು ಒರೆಸಿದರು. "ಚರ್ಮದ ಕೋಶಗಳು ಅದೇ ಹೊತ್ತಿಗೆ ಹೊರಡದೇ ಇದ್ರೆ ಮಾಡಬಹುದು. ಸ್ವಲ್ಪ ಅಂತರ ಇದ್ರೂ ಸಾಕು. ನೋಡೋಣ ಬಾ."

ಇನ್‌ಕ್ಯುಬೇಟರಿನ ಕೆಳಗಿನ ಅರೆಯಲ್ಲಿ ಎರಡು ಫ್ಲಾಸ್ಕುಗಳಿದ್ದವು. ಒಂದರಲ್ಲಿ ತನ್ಮಯಿಯ ಗಂಟಿನಿಂದ ಸೂಜಿಯಲ್ಲಿ ತೆಗೆದ ಕೋಶಗಳು, ಇನ್ನೊಂದರಲ್ಲಿ ಅವಳ ತೋಳಿನ ಚರ್ಮದವು, ಔಷಧಿ ಶುರುವಾಗುವ ಮೊದಲೇ ತೆಗೆದವು. ಎರಡನ್ನೂ ತಾಳುವಿನಲ್ಲಿ ನಿಲ್ಲಿಸಿ ಇಷ್ಟು ವರ್ಷ ಸಾಕಿದವಳು ಕಾತ್ಯಾಯಿನಿಯೇ. ಮನೆಯಲ್ಲಿ ಮಗಳಿಗೆ ಚಮಚ, ಇಲ್ಲಿ ಇವಕ್ಕೆ ಪೈಪೆಟ್. ಗಂಟಿನ ಫ್ಲಾಸ್ಕನ್ನು ಕೈಗೆ ತೆಗೆದುಕೊಂಡಾಗಲೆಲ್ಲ ಅದನ್ನು ನೆಲಕ್ಕೆ ಅಪ್ಪಳಿಸಬೇಕೆನಿಸುತ್ತಿತ್ತು. ಆದರೂ ಇನ್ನೊಂದರಷ್ಟೇ ಜೋಪಾನವಾಗಿ ಅದರ ದ್ರವವನ್ನೂ ಬದಲಾಯಿಸುತ್ತಿದ್ದಳು. ಅದೂ ಮಗಳದೇ.

ಎರಡರಿಂದಲೂ ಒಂದೊಂದು ಪಾಲು ತೆಗೆದು ತೊಳೆದಳು. ಒಂದು ಸಲ, ಇನ್ನೊಂದು ಸಲ. ಎರಡು ಸೂಕ್ಷ್ಮದರ್ಶಕಗಳ ಕೆಳಗೆ ಇಟ್ಟರು. ಗಂಟಿನದನ್ನು ಮೇಡಂ ನೋಡುತ್ತಿದ್ದರು, ಚರ್ಮದ್ದನ್ನು ಕಾತ್ಯಾಯಿನಿ.

ಮೊದಲು ಏನೂ ಇರಲಿಲ್ಲ. ನೆಲಕ್ಕೆ ಅಂಟಿದ ಎಲೆಗಳ ಹಾಗೆ ಕೋಶಗಳು ಚಪ್ಪಟೆಯಾಗಿ ಮಲಗಿದ್ದವು. ಮೂಗು ಚುಚ್ಚಿದ ದಿನ ಹಂಸಿಗೂ ತನ್ಮಯಿಗೂ ಇದ್ದ ಎತ್ತರದ ವ್ಯತ್ಯಾಸ ಯಾಕೋ ನೆನಪಾಯಿತು. ಆಮೇಲೆ ಒಂದು ಕೋಶದ ಅಂಚು ಒಳಕ್ಕೆ ಸರಿಯಿತು. ಅದು ದುಂಡಗಾಯಿತು. ಪಕ್ಕದ್ದೂ ದುಂಡಗಾಯಿತು.

"ನಿಂದು?" ಎಂದರು ಮೇಡಂ.

ಕಾತ್ಯಾಯಿನಿ ಸೂಕ್ಷ್ಮದರ್ಶಕದ ತಿರುಪನ್ನು ತಿರುಗಿಸಿದಳು. ಕಣ್ಣೆದುರು ಕೋಶಗಳೆಲ್ಲ ಒಂದೊಂದಾಗಿ ಎದ್ದು ಕೂತಂತೆ ದುಂಡಗಾಗುತ್ತಿದ್ದವು. ಒಳಗಿನ ಕಪ್ಪು ಕಡ್ಡಿಗಳು ನಡುವೆ ಸಾಲಾಗಿ ನಿಂತವು, ಒಂದು ಕ್ಷಣ ಅಲ್ಲಾಡಿದವು, ಎರಡಾಗಿ ಎರಡು ದಿಕ್ಕಿಗೆ ಸರಿದವು. ಏಳು ವರ್ಷ ನಿಂತಿದ್ದರೂ ಒಂದಿಷ್ಟೂ ಮರೆತಿರಲಿಲ್ಲ. ಇಷ್ಟು ಚಂದದ ನೋಟವನ್ನು ಅವಳು ಆ ಪ್ರಯೋಗಾಲಯದಲ್ಲಿ ಕಂಡಿರಲಿಲ್ಲ. ಅದು ಮಗಳ ಚರ್ಮ, ಬೆಳೆಯುತ್ತಿತ್ತು.

"ಕಾತ್ಯಾಯಿನಿ, ನಿಂದು?"

"ಹೊರಟಿದೆ ಮೇಡಂ."

"ನಂದೂ," ಎಂದರು ಶೆಣೈ. "ಒಂದೇ ಹೊತ್ತಿಗೆ."

ಅಂತರವಿರಲಿಲ್ಲ. ಗಂಟನ್ನು ಕಡಿಯುವ ಔಷಧಿ ಮಗುವನ್ನೂ ಕಡಿಯುತ್ತಿತ್ತು. ಶೆಣೈಯವರು ಕೈ ಚಾಚಿ ಎರಡೂ ದೀಪಗಳನ್ನು ಆರಿಸಿದರು.

ಮನೆಯಲ್ಲಿ ಶ್ರೀಕಂಠ ಎಲ್ಲವನ್ನೂ ಕೇಳಿಸಿಕೊಂಡ. ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು ಕಾತ್ಯಾಯಿನಿ. ಅವನ ಕೈಯಲ್ಲಿ ತನ್ಮಯಿಯ ಒಂದು ಫ್ರಾಕು ಇತ್ತು.

"ನೀನೇ ಹೇಳು," ಎಂದ. "ಓದಿರೋಳು ನೀನು."

"ಓದಿದ್ದು ಮುಗೀತು ರೀ. ಇದು ಅದರಲ್ಲಿಲ್ಲ. ತಾಳು ಮುಂದುವರಿಸಿದ್ರೆ ಕೀವು ಮೇಲಕ್ಕೆ ಹೋಗತ್ತೆ. ನೋವಲ್ಲೇ ಹೋಗ್ತಾಳೆ. ನಿಲ್ಲಿಸಿದ್ರೆ ಮೂಗು ವಾಸಿ ಆಗತ್ತೆ. ಒಂದಷ್ಟು ತಿಂಗಳು ಬೆಳೀತಾಳೆ."

"ಆಮೇಲೆ?"

ಅವಳು ಬಟ್ಟೆ ಮಡಿಸಿದಳು.

"ಅಪ್ಪನ ಮುಖ ನೋಡೋಕಾಗ್ತಿಲ್ಲ," ಎಂದ ಶ್ರೀಕಂಠ. "ಬಯ್ದುಬಿಡೋಣ ಅನ್ಸತ್ತೆ. ಆಮೇಲೆ, ಅವರು ಚುಚ್ಚದೇ ಇದ್ದಿದ್ರೆ ನಾವು ಎಲ್ಲೀವರೆಗೆ ಹಿಡ್ಕೊಂಡಿರ್ತಿದ್ವಿ ಅಂತ ಯೋಚನೆ ಬರತ್ತೆ. ಹಂಸಿ ಮದುವೇವರೆಗಾ? ನಾವು ಸಾಯೋವರೆಗಾ? ಆಮೇಲೆ ಯಾರ ತೊಡೆ ಮೇಲೆ ಕೂರ್ತಾಳೆ?"

ಕಾತ್ಯಾಯಿನಿ ತಟ್ಟನೆ ಅವನ ಮುಖ ನೋಡಿದಳು. ತಾನು ಮುಚ್ಚಿಟ್ಟುಕೊಂಡಿದ್ದೇನೆಂದು ತಿಳಿದದ್ದು ಅವನಿಗೂ ಗೊತ್ತಿತ್ತು. ಅವನೂ ಬಾಗಿಲ ಮರೆಯಿಂದ ದಿನಾ ಬೆಳಿಗ್ಗೆ ಅದನ್ನೇ ನೋಡುತ್ತಿದ್ದನೇನೋ.

ತನ್ಮಯಿಗೆ ಹೇಳದೆ ಮಾಡುವುದು ಬೇಡವೆಂದುಕೊಂಡಳು. ಮಾರನೆಯ ಬೆಳಿಗ್ಗೆ ಬಿಸಿಲಿಗೆ ಕೂರಿಸಿ ತಲೆ ಬಾಚುತ್ತಾ ಮಾತು ತೆಗೆದಳು. ಆ ಹುಡುಗಿ ಅರ್ಧಕ್ಕೇ ತಡೆದಳು.

"ಗೊತ್ತು. ಹಂಸಿ ಹೇಳಿದ್ಲು. ನೀವು ಮಹಡಿ ಮೇಲೆ ಮಾತಾಡಿದ್ದು ಕೇಳಿಸ್ಕೊಂಡ್ಲಂತೆ. ತಾಳು ನಿಲ್ಲಿಸಿದ್ರೆ ಹಲ್ಲು ಬೀಳತ್ತಾ?"

"ಬೀಳತ್ತೆ."

"ಉದ್ದ ಆಗ್ತೀನಾ?"

"ಸ್ವಲ್ಪ."

"ಗಂಟೂ ಬೆಳೆಯತ್ತೆ ಅಲ್ವಾ?"

"ಹೂಂ."

ತನ್ಮಯಿ ನಾಲಿಗೆಯಿಂದ ಹಲ್ಲನ್ನು ಹಿಂದೆ ಮುಂದೆ ಮಾಡಿದಳು. "ಯಾವುದು ಮೊದಲು? ನಾನಾ, ಅದಾ?"

ಬಾಚಣಿಗೆ ನಿಂತಿತು. "ಎರಡೂ ಒಟ್ಟಿಗೆ, ಕಂದ."

"ಹಾಗಾದ್ರೆ ಸರಿ," ಎಂದಳು ತನ್ಮಯಿ. ಒಂದು ಗಳಿಗೆ ಬಿಟ್ಟು, "ಇವತ್ತು ಆ ಕಹಿ ಕುಡಿಯೋ ಹಾಗಿಲ್ಲ ತಾನೇ? ತೊಡೆ ಮೇಲೂ ಕೂರಲ್ಲ. ಹೇಳ್ಬಿಟ್ಟಿದೀನಿ," ಎಂದಳು.

ಕೂರಲಿಲ್ಲ. ಹೀಗಾಗಿ ಕಾತ್ಯಾಯಿನಿಗೆ ಆ ಕೊನೆಯ ದಿನ ಯಾವುದೆಂದು ತಿಳಿಯಿತು. ಅದು ನಿನ್ನೆ.

ಹಲ್ಲು ಚಕ್ಕುಲಿ ಕಡಿಯುವಾಗ ಬಿತ್ತು. ತನ್ಮಯಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಬೀದಿಯವರಿಗೆಲ್ಲ ತೋರಿಸಿ ಬಂದಳು. ಇವರದು ತಾರಸಿ ಮನೆ, ಹಲ್ಲು ಎಸೆಯಬೇಕಾದ್ದು ಹೆಂಚಿನ ಮೇಲೆ. ಹಂಸಿನಿ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಪ‍ಕ್ಕದ ಮನೆಯ ಹೆಂಚಿಗೆ ಎಸೆಯಿಸಿದಳು. "ಅಯ್ಯೋ, ಭಾರ ಆಗಿದೀಯಲ್ಲೇ ಅಕ್ಕ!" ಎಂದಳು, ಇಳಿಸುತ್ತಾ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕುಣಿದರು.

ಉಗುರು ಬೆಳೆಯಿತು. ಕಾತ್ಯಾಯಿನಿ ಅಂಗಡಿಗೆ ಹೋಗಿ ಹೊಸ ಉಗುರು ಕತ್ತರಿ ತಂದಳು. ಕತ್ತರಿಸಿದ ಚೂರುಗಳನ್ನು ಕಾಗದದಲ್ಲಿ ಒಟ್ಟು ಮಾಡಿದವಳಿಗೆ ಎಸೆಯಲು ಕೈ ಬರಲಿಲ್ಲ. ಇಷ್ಟು ಉಗುರು ಬೆಳೆದಿದ್ದರೆ ಅಲ್ಲಿ ಎಷ್ಟು ಬೆಳೆದಿರಬೇಕು? ನೆತ್ತಿಯ ಮೇಲೆ ಹೊಸ ಕೂದಲು ಮುಳ್ಳುಮುಳ್ಳಾಗಿ ಬಂತು. ಕೈಯಾಡಿಸಿದರೆ ಖುಷಿ, ಮರುಗಳಿಗೆ ಭಯ. ಫ್ರಾಕು ಮೊಣಕಾಲಿನ ಮೇಲಕ್ಕೆ ಹೋಯಿತು. ಅಂಚು ಬಿಚ್ಚಿ ಉದ್ದ ಮಾಡುತ್ತಾ ಅವಳು ಸೂಜಿಯನ್ನು ಬಟ್ಟೆಯಲ್ಲೇ ಬಿಟ್ಟು ಕೂತುಬಿಡುತ್ತಿದ್ದಳು. ಬೇರೆ ಯಾವ ತಾಯಿಯೂ ಮಗಳ ಬೆಳವಣಿಗೆಯನ್ನು ಹೀಗೆ ಎರಡೆರಡು ಸಲ ನೋಡುವುದಿಲ್ಲ.

ಮೂಗು ಒಣಗಿತು. ಹಕ್ಕಳೆ ಕಟ್ಟಿ ಉದುರಿತು. ತಂತಿ ತಿರುಗಿತು.

ಅಂದಿನಿಂದ ಹಿಂದಿನ ಕೋಣೆಯಲ್ಲಿ ಮತ್ತೆ ಊದುಗೊಳವೆಯ ಸದ್ದು ಕೇಳಿಸಿತು. ಹಂಸಿನಿಯ ಮೂಗು ಯಾವಾಗಲೋ ವಾಸಿಯಾಗಿದ್ದರೂ ಅವಳು ತಂತಿ ಬದಲಾಯಿಸಿಕೊಂಡಿರಲಿಲ್ಲ. ಯಾರು ಹೇಳಿದರೂ, "ಅಕ್ಕಂಗೆ ಹಾಕಿದ ಮೇಲೆ," ಎನ್ನುತ್ತಿದ್ದಳು.

ಒಂದು ಶುಕ್ರವಾರ ಬೆಳಿಗ್ಗೆ ನಡುಮನೆಯಲ್ಲಿ ಮತ್ತೆ ಎರಡು ಮಣೆ ಬಿದ್ದವು. ಈ ಸಲ ಹಾಕಿದವಳು ಕಾತ್ಯಾಯಿನಿ. ತಂಬಿಟ್ಟನ್ನೂ ಅವಳೇ ಕಟ್ಟಿದಳು. ಶ್ರೀಕಂಠ ಅಂಗಡಿಗೆ ಹೋಗದೆ ಕಂಬಕ್ಕೆ ಒರಗಿ ನಿಂತಿದ್ದ. ನಂಜುಂಡಾಚಾರರು ಕೈಕಾಲು ತೊಳೆದು ಬಂದು ಎದುರಿಗೆ ಕೂತರು.

"ಮೊದಲು ಯಾರು?" ಎಂದರು.

"ನಾನು," ಎಂದಳು ತನ್ಮಯಿ. ಬೆಳಿಗ್ಗೆಯಿಂದ ಅವಳು ಕಡಿಮೆ ಮಾತಾಡುತ್ತಿದ್ದಳು. ಮಣೆಗೆ ಬರುವಾಗ ಗೋಡೆಗೆ ಕೈ ಕೊಟ್ಟುಕೊಂಡು ಬಂದಿದ್ದಳು. ಹೊಸ ಲಂಗದ ನೆರಿಗೆ ಕಾಲಿಗೆ ಸಿಕ್ಕಿರಬೇಕೆಂದು ಕಾತ್ಯಾಯಿನಿ ತನಗೆ ತಾನೇ ಹೇಳಿಕೊಂಡಿದ್ದಳು.

ಮುದುಕರು ತಂತಿ ಬಿಚ್ಚಿದರು. ರಕ್ತವಿಲ್ಲ, ಕೀವಿಲ್ಲ. ಅಂಚು ಕೂಡಿಕೊಂಡ ಶುದ್ಧವಾದ ಸಣ್ಣ ತೂತು. "ನೋಡಮ್ಮ," ಎಂದು ಸೊಸೆಯ ಕಡೆ ತಿರುಗಿದರು. "ಕೂಡ್ಕೊಂಡಿದೆ. ಕೂಡ್ಕೊಂಡಿದೆ ನೋಡು."

"ಹೂಂ ಮಾವ," ಎಂದಳು ಅವಳು. ಮೂಗು ಚುಚ್ಚಿದ ಆ ಸೋಮವಾರದ ಮೇಲೆ ಅವರೊಂದಿಗೆ ಅವಳು ಆಡಿದ ಮೊದಲ ಮಾತು ಅದು.

ಅವರು ಹಿತ್ತಾಳೆಯ ತಟ್ಟೆಯನ್ನು ಮುಂದಕ್ಕೆ ಸರಿಸಿದರು. ಅದರಲ್ಲಿ ಕೆಂಪು ಹರಳಿನ ಎರಡು ಮೂಗುಬೊಟ್ಟು. ಒಂದು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ದೊಡ್ಡದು.

"ದೊಡ್ಡದು ನಿಂದು. ತಗೋ, ನೀನೇ ಎತ್ತಿಕೊಡು."

ತನ್ಮಯಿ ತಟ್ಟೆಯ ಮೇಲೆ ಬಾಗಿದಳು. ಕೈ ಚಾಚಿ, ನಡುವೆಯೇ ನಿಲ್ಲಿಸಿದಳು. ಹುಬ್ಬು ಗಂಟಿಕ್ಕಿತು.

"ನಾಲ್ಕು ಯಾಕೆ ಮಾಡಿದೀಯ ತಾತ?"

ಹಂಸಿನಿ ನಕ್ಕಳು. "ಲೆಕ್ಕದಲ್ಲಿ ಜಾಣೆ ಅಂತೆ, ಎರಡನ್ನ ನಾಲ್ಕು ಅಂತಾಳೆ!" ಮುದುಕರೂ ನಕ್ಕರು. "ಒಂದೊಂದ್ ಮೂಗಿಗೆ ಎರಡೆರಡು ಹಾಕ್ಲೇನೇ?" ಎಂದರು. ಕಂಬದ ಹತ್ತಿರ ಶ್ರೀಕಂಠ ನೆಟ್ಟಗೆ ನಿಂತ.

ಕಾತ್ಯಾಯಿನಿ ಮಗಳ ಹಿಂದೆ ಹೋಗಿ ಕೂತಳು. ತನ್ನ ಎದೆಗೆ ಅವಳ ಬೆನ್ನು ಒರಗುವಷ್ಟು ಹತ್ತಿರ. ಮೆಲ್ಲಗೆ ಕೈ ಮುಂದೆ ತಂದು ಅಂಗೈಯಿಂದ ಅವಳ ಒಂದು ಕಣ್ಣನ್ನು ಮುಚ್ಚಿದಳು. ರೆಪ್ಪೆಗಳು ಅಂಗೈಯಲ್ಲಿ ಒಮ್ಮೆ ಬಡಿದು ನಿಂತವು.

"ಈಗ ಎಷ್ಟು?"

"ಎರಡು."

"ಎರಡೇ. ಒಂದು ನಿಂದು, ಒಂದು ಹಂಸೀದು."

ಆಸ್ಪತ್ರೆಯ ಆ ಆಟ ತನ್ಮಯಿಗೂ ಮರೆತಿರಲಿಲ್ಲ. ತಾಯಿಯ ಕೈಯನ್ನು ಸರಿಸದೆ, ಒಂದೇ ಕಣ್ಣಿನಲ್ಲಿ ನೋಡುತ್ತಾ ದೊಡ್ಡದನ್ನು ಸರಿಯಾಗಿ ಎತ್ತಿ ತಾತನ ಕೈಗೆ ಕೊಟ್ಟಳು. ಆಮೇಲೆ ಮುಖ ಮೇಲಕ್ಕೆ ಮಾಡಿದಳು.

"ಬೇಗ ಹಾಕು ತಾತ," ಎಂದಳು. "ಹಂಸಿ ಕಾಯ್ತಿದಾಳೆ."